ನಡೀತಾ ಇದೆಯಲ್ಲ, ಯಾಕೆ ಮುಟ್ಟಬೇಕು?

ನೆಟ್‌ವರ್ಕ್ ಕೆಲಸಕ್ಕೆ ಅಂತ ಯಾವ ಆಫೀಸಿಗೆ ಹೋದರೂ ಕಿವಿಗೆ ಬೀಳೋ ಮೊದಲ ಮಾತು ಇದು. "ನಡೀತಾ ಇದೆಯಲ್ಲ ಸಾರ್, ಯಾಕೆ ಮುಟ್ಟಬೇಕು?" ನಮ್ಮೂರಿನ ಎಷ್ಟೋ ನೆಟ್‌ವರ್ಕುಗಳು ಈ ಒಂದು ವಾಕ್ಯದ ಆಧಾರದ ಮೇಲೇ ನಿಂತಿವೆ. ಅದು ಯಾಕೆ ನಡೀತಾ ಇದೆ ಅಂತ ಯಾರಿಗೂ ಗೊತ್ತಿರೋದಿಲ್ಲ. ಹಾಗಾಗಿ ನಿಂತ ದಿನ ಯಾಕೆ ನಿಂತಿತು ಅಂತಲೂ ಗೊತ್ತಾಗೋದಿಲ್ಲ.

ಇವತ್ತು ಸ್ವಲ್ಪ ಜಗಳ ಆಡೋಣ ಅಂತಲೇ ಕೂತಿದ್ದೇನೆ. ವಿಷಯ: ಸ್ವಿಚ್ಚುಗಳಲ್ಲಿ ಮಾಡುವ ವಿಲ್ಯಾನ್, ಅಂದರೆ ವರ್ಚುವಲ್ ಲ್ಯಾನ್. "ಅಯ್ಯೋ, ಟೆಕ್ನಿಕಲ್ಲು" ಅಂತ ಈಗಲೇ ಕಿಟಕಿ ಮುಚ್ಚಬೇಡಿ. ನಮ್ಮ ಬಳಗದಲ್ಲಿ ಕವಿತೆ ಬರೆಯೋರು, ಅಡುಗೆ ಬರೆಯೋರು, ಚಾರಣದ ಕಥೆ ಬರೆಯೋರು ಎಲ್ಲರೂ ಹಗಲಿಡೀ ಯಾವುದೋ ಒಂದು ಸ್ವಿಚ್ಚಿಗೆ ತಗುಲಿಕೊಂಡೇ ಬದುಕ್ತೀರಿ. ನಿಮ್ಮ ಸಂಬಳದ ಲೆಕ್ಕ, ನಿಮ್ಮಮ್ಮನ ರಕ್ತಪರೀಕ್ಷೆಯ ವರದಿ, ಮಗಳ ಶಾಲೆಯ ಅಂಕಪಟ್ಟಿ, ಎಲ್ಲ ಅದರ ಮೂಲಕವೇ ಓಡಾಡೋದು. ಅದನ್ನ ಕಟ್ಟಿದವರು ಹೇಗೆ ಕಟ್ಟಿದ್ದಾರೆ ಅಂತ ಕೇಳೋ ಹಕ್ಕು ನಿಮಗಿದೆ. ಕೇಳೋಕೆ ಬೇಕಾದಷ್ಟು ತಿಳುವಳಿಕೆ ಒಂದು ಸಂಜೆಯ ಓದಿನಲ್ಲಿ ಬರುತ್ತೆ.

ಮೊದಲು ವಠಾರದ ಲೆಕ್ಕದಲ್ಲಿ ಹೇಳ್ತೀನಿ. ಹಳೇ ವಠಾರ ಒಂದನ್ನ ನೆನಪಿಸಿಕೊಳ್ಳಿ. ಒಂದೇ ಗೇಟು, ನಡುವೆ ಅಂಗಳ, ಸುತ್ತ ಹತ್ತು ಮನೆ. ಅಂಗಳದಲ್ಲಿ ನಿಂತು "ರಾಮಣ್ಣ ಯಾರ್ರೀ?" ಅಂತ ಕೂಗಿದರೆ ಹತ್ತೂ ಮನೆಯವರು ಕೈಲಿದ್ದ ಕೆಲಸ ಬಿಟ್ಟು ಕಿವಿ ಕೊಡಬೇಕು. ಸ್ವಿಚ್ಚಿನಲ್ಲೂ ಹೀಗೇ. ಒಂದು ಕಂಪ್ಯೂಟರಿಗೆ ಇನ್ನೊಂದರ ಮ್ಯಾಕ್ ವಿಳಾಸ ಗೊತ್ತಿಲ್ಲದಿದ್ದರೆ ಅದು ಕೂಗುತ್ತೆ, ಅದಕ್ಕೆ ಎಆರ್‌ಪಿ ಅಂತ ಹೆಸರು. ಹೊಸದಾಗಿ ಆನ್ ಆದ ಯಂತ್ರ "ನನಗೊಂದು ಐಪಿ ಕೊಡ್ರಪ್ಪಾ" ಅಂತ ಕೂಗುತ್ತೆ, ಅದು ಡಿಎಚ್‌ಸಿಪಿ. ಈ ಕೂಗು ಎಲ್ಲಿಯವರೆಗೆ ಕೇಳಿಸುತ್ತೋ ಅಷ್ಟೂ ಒಂದು ಬ್ರಾಡ್‌ಕಾಸ್ಟ್ ಡೊಮೈನ್. ಐದು ಮನೆ ಇದ್ದಾಗ ತೊಂದರೆಯಿಲ್ಲ. ಐನೂರು ಮನೆಯಾದಾಗ?

ಅಂಗಳದ ನಡುವೆ ಗೋಡೆ ಎಬ್ಬಿಸಿ ಒಂದು ವಠಾರವನ್ನ ನಾಲ್ಕು ವಠಾರ ಮಾಡೋದೇ ವಿಲ್ಯಾನ್. ಸ್ವಿಚ್ಚು ಒಂದೇ, ತಂತಿಯೂ ಅದೇ. ಆದರೆ ಬಿಲ್ಲಿಂಗ್ ಯಂತ್ರದ ಕೂಗು ಬಿಲ್ಲಿಂಗಿನವರಿಗೆ ಮಾತ್ರ, ಕ್ಯಾಮೆರಾಗಳ ಕೂಗು ಕ್ಯಾಮೆರಾಗಳಿಗೆ ಮಾತ್ರ.

ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಗಂಟು ಯಾರದು ಅಂತ ತಿಳಿಯಬೇಕಲ್ಲ? ಪಾರ್ಸೆಲ್ ಆಫೀಸಿನವರು ಗಂಟಿಗೆ ಚೀಟಿ ಅಂಟಿಸಿದ ಹಾಗೆ ಪ್ರತಿ ಫ್ರೇಮಿಗೂ 4 ಬೈಟಿನ ಒಂದು ಚೀಟಿ ಅಂಟಿಸ್ತಾರೆ. ಅದೇ ಟ್ಯಾಗ್. ಇದರ ನಿಯಮ ಐಟ್ರಿಪಲ್‌ಇ ಸಂಸ್ಥೆಯ 802.1ಕ್ಯೂ, ಮೊದಲು ಹೊರಬಂದದ್ದು 1998ರಲ್ಲಿ. ಚೀಟಿಯಲ್ಲಿ ವಿಲ್ಯಾನ್ ಸಂಖ್ಯೆಗೆ ಮೀಸಲಾದ ಜಾಗ 12 ಬಿಟ್. ಅಂದರೆ 4096 ಸಂಖ್ಯೆ. 0 ಮತ್ತು 4095 ಬೇರೆ ಕೆಲಸಕ್ಕೆ ಹೋಗಿ ಬಳಕೆಗೆ ಸಿಗೋದು 4094. ಚೀಟಿ ಹೊತ್ತ ಗಂಟುಗಳು ಓಡಾಡೋ ದಾರಿ ಟ್ರಂಕ್ ಪೋರ್ಟ್. ನಿಮ್ಮ ಕಂಪ್ಯೂಟರು ಚುಚ್ಚಿಕೊಂಡಿರೋದು ಆಕ್ಸೆಸ್ ಪೋರ್ಟ್. ಅಲ್ಲಿ ಸ್ವಿಚ್ಚು ಚೀಟಿ ಕಿತ್ತು ಬರೀ ಗಂಟು ಕೊಡುತ್ತೆ, ಕಂಪ್ಯೂಟರಿಗೆ ತಾನು ಯಾವ ವಠಾರದಲ್ಲಿದ್ದೇನೆ ಅನ್ನೋದೂ ಗೊತ್ತಿರೋದಿಲ್ಲ.

ಇಷ್ಟೇ ರೀ. ಪೀಠಿಕೆ ಮುಗೀತು. ಈಗ ಜಗಳ :-)

ಮೊದಲನೇ ಪಂಗಡ: "ಎಲ್ಲ ಒಂದೇ ನೆಟ್‌ವರ್ಕಿನಲ್ಲಿ ಇರಲಿ, ಅದೇ ಸರಳ" ಅನ್ನೋರು. ಸರಳ ಯಾರಿಗೆ? ಕೇಬಲ್ ಎಳೆದು ದುಡ್ಡು ಎಣಿಸಿಕೊಂಡು ಹೋದವನಿಗೆ. ಆಮೇಲೆ ಅದರೊಳಗೆ ಬದುಕೋರಿಗಲ್ಲ.

ಬಾಸ್ಟನ್ನಿನಲ್ಲಿ ಬೆತ್ ಇಸ್ರೇಲ್ ಡೀಕನೆಸ್ ಅಂತ ದೊಡ್ಡ ಆಸ್ಪತ್ರೆ ಇದೆ. 2002ರ ನವೆಂಬರಿನಲ್ಲಿ ಅದರ ನೆಟ್‌ವರ್ಕು ಸುಮಾರು ನಾಲ್ಕು ದಿನ ಎದ್ದು ಬಿದ್ದು ಒದ್ದಾಡಿತು. ವೈದ್ಯರು ಮತ್ತೆ ಕಾಗದ ಪೆನ್ನು ಹಿಡಿದರು, ಲ್ಯಾಬಿನ ವರದಿಗಳನ್ನ ಜನ ಕೈಯಲ್ಲಿ ಹಿಡಿದು ಓಡಿದರು. ಕಾರಣ ವೈರಸ್ಸೂ ಅಲ್ಲ, ಕಳ್ಳನೂ ಅಲ್ಲ. ಸ್ವಿಚ್ಚಿಗೆ ಸ್ವಿಚ್ಚು, ಅದಕ್ಕೆ ಮತ್ತೊಂದು ಸ್ವಿಚ್ಚು ಅಂತ ವರ್ಷಗಟ್ಟಲೆ ಜೋಡಿಸ್ತಾ ಹೋಗಿದ್ದರು. ಸುತ್ತು ಬೀಳದ ಹಾಗೆ ಕಾಯಬೇಕಿದ್ದ ಸ್ಪ್ಯಾನಿಂಗ್ ಟ್ರೀಯ ಲೆಕ್ಕ ಆ ಅಗಲದಲ್ಲಿ ತಪ್ಪಿಹೋಯಿತು. ಅಲ್ಲಿನ ಮುಖ್ಯ ಮಾಹಿತಿ ಅಧಿಕಾರಿ ಜಾನ್ ಹಲಾಮ್ಕಾ ಇದನ್ನ ಮುಚ್ಚಿಡದೆ ಎಲ್ಲರಿಗೂ ಹೇಳಿದರು, ಅದಕ್ಕೇ ಇವತ್ತು ನಮಗೆ ಗೊತ್ತಿದೆ. ನಮ್ಮಲ್ಲಾಗಿದ್ದರೆ "ಸರ್ವರ್ ಡೌನ್" ಅಂತ ಗಾಜಿಗೆ ಚೀಟಿ ಅಂಟಿಸಿ ಮುಗಿಸ್ತಿದ್ದರು.

ಯಾಕೆ ಹೀಗಾಗುತ್ತೆ ಅಂತ ಕೇಳಿದರೆ ಕಾರಣ ಚಿಕ್ಕದು. ಐಪಿ ಪ್ಯಾಕೆಟ್ಟಿಗೆ ಆಯಸ್ಸು ಅಂತ ಒಂದಿದೆ, ಪ್ರತಿ ರೌಟರಿನಲ್ಲೂ ಒಂದೊಂದು ಕಡಿಮೆಯಾಗಿ ಕೊನೆಗೆ ಸಾಯುತ್ತೆ. ಈಥರ್‌ನೆಟ್ ಫ್ರೇಮಿಗೆ ಅದಿಲ್ಲ. ದಾರಿಯಲ್ಲಿ ಒಂದು ಸುತ್ತು ಬಿದ್ದರೆ ಒಂದು ಕೂಗು ಸಾವಿರವಾಗಿ, ಲಕ್ಷವಾಗಿ, ಸುತ್ತುತ್ತಲೇ ಇರುತ್ತೆ. ಯಾರೋ ಮೇಜಿನ ಕೆಳಗೆ ಸಡಿಲ ಬಿದ್ದಿದ್ದ ವೈರಿನ ಎರಡೂ ತುದಿಯನ್ನ ಗೋಡೆಗೆ ಚುಚ್ಚಿದರೂ ಸಾಕು. ಸ್ಪ್ಯಾನಿಂಗ್ ಟ್ರೀ ಕಾಯದ ಕಡೆ ಇಡೀ ಕಟ್ಟಡ ಮಲಗುತ್ತೆ. ಕೂಗು ಗೋಡೆ ದಾಟದ ಹಾಗೆ ಭಾಗ ಮಾಡಿ, ಭಾಗಗಳ ನಡುವೆ ರೌಟರ್ ಇಟ್ಟಿದ್ದರೆ ಪೆಟ್ಟಿನ ಬಹುಪಾಲು ಒಂದೇ ಭಾಗಕ್ಕೆ.

ಅದು ಅಮೆರಿಕ, ಅದು 2002 ಅಂತೀರಾ? 2022ಕ್ಕೆ ಬನ್ನಿ, ದೆಹಲಿಗೆ ಬನ್ನಿ. ಆ ವರ್ಷ ನವೆಂಬರ್ 23ರಂದು ಏಮ್ಸ್ ಆಸ್ಪತ್ರೆಯ ಸರ್ವರುಗಳು ರ‍್ಯಾನ್ಸಮ್‌ವೇರ್ ಪಾಲಾದವು. ಹಲವು ದಿನ ನೋಂದಣಿ, ಬಿಲ್ಲು, ವರದಿ ಎಲ್ಲ ಕೈಬರಹದಲ್ಲಿ. ದೂರದ ಊರಿಂದ ರೈಲು ಹತ್ತಿ ಬಂದ ರೋಗಿಗಳು ಸಾಲಿನಲ್ಲಿ. ಐದು ಸರ್ವರು, ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತು. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಉತ್ತರದಲ್ಲಿ ಕಾರಣ ಏನಿತ್ತು ಗೊತ್ತಾ? ನೆಟ್‌ವರ್ಕನ್ನ ಸರಿಯಾಗಿ ಭಾಗ ಮಾಡಿರಲಿಲ್ಲ ಅಂತ. ಭಾಗ ಮಾಡೋದು ಅಂದರೆ ವಿಲ್ಯಾನ್ ಒಂದೇ ಅಲ್ಲ, ಒಪ್ಪಿದೆ. ಆದರೆ ಮೊದಲ ಮೆಟ್ಟಿಲು ಅದೇ. ಆ ಮೆಟ್ಟಿಲನ್ನೇ ಕಟ್ಟದೆ "ನಡೀತಾ ಇದೆಯಲ್ಲ" ಅಂತ ಕೂತ ಎಲ್ಲ ಕಡೆ ಈ ಸಾಲು ಕಾದಿದೆ. ಸಾಲಿನಲ್ಲಿ ನಿಲ್ಲೋರು ಮಾತ್ರ ಆ ಮಾತು ಆಡಿದವರಲ್ಲ.

ಎರಡನೇ ಪಂಗಡದ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು. ಇವರು ವಿಲ್ಯಾನ್ ಮಾಡಿರ್ತಾರೆ. "ನಮ್ಮಲ್ಲಿ ಸೆಕ್ಯುರಿಟಿಗೆ ಆರು ವಿಲ್ಯಾನ್ ಇದೆ" ಅಂತ ಎದೆ ಉಬ್ಬಿಸಿ ಹೇಳ್ತಾರೆ. ಒಳಗೆ ಹೋಗಿ ನೋಡಿದರೆ ಆರಕ್ಕೂ ಒಂದೇ ಲೇಯರ್-ತ್ರೀ ಸ್ವಿಚ್ಚು, ಅದರಲ್ಲಿ ರೌಟಿಂಗ್ ಆನ್, ಒಂದೇ ಒಂದು ಆಕ್ಸೆಸ್ ಲಿಸ್ಟ್ ಇಲ್ಲ. ಅಂದರೆ ಅತಿಥಿಗಳ ವೈಫೈಯಿಂದ ಬಿಲ್ಲಿಂಗ್ ಸರ್ವರಿಗೆ ಆರಾಮಾಗಿ ಪಿಂಗ್ ಹೋಗುತ್ತೆ. ಗೋಡೆ ಕಟ್ಟಿ, ಗೋಡೆಗೆ ಬಾಗಿಲಿಟ್ಟು, ಬಾಗಿಲು ಹಗಲೂ ರಾತ್ರಿ ತೆರೆದಿಟ್ಟ ಹಾಗೆ. ಕೂಗು ಮಾತ್ರ ಕೇಳಿಸೋದಿಲ್ಲ, ಕಳ್ಳ ನಡೆದುಕೊಂಡು ಬರಬಹುದು.

ವಿಲ್ಯಾನ್ ಹುಟ್ಟಿದ್ದೇ ಬೇರೆ ಕಾರಣಕ್ಕೆ ಅನ್ನೋದು ಇವರಿಗೆ ಗೊತ್ತಿಲ್ಲ. 1980ರ ದಶಕದಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಡೇವಿಡ್ ಸಿಂಕೋಸ್ಕಿ ತಲೆ ಕೆಡಿಸಿಕೊಂಡಿದ್ದು ಈಥರ್‌ನೆಟ್ಟನ್ನ ದೊಡ್ಡದು ಮಾಡೋದು ಹೇಗೆ ಅಂತ. ಕಳ್ಳನ ಚಿಂತೆ ಅಲ್ಲಿರಲಿಲ್ಲ. ಗೋಡೆ ಕಟ್ಟೋದು ವಿಲ್ಯಾನಿನ ಕೆಲಸ. ಯಾರು ಯಾವ ಬಾಗಿಲಿಂದ ಹೋಗಬಹುದು ಅಂತ ಹೇಳೋದು ಆಕ್ಸೆಸ್ ಲಿಸ್ಟಿನ ಅಥವಾ ಫೈರ್‌ವಾಲಿನ ಕೆಲಸ. ಎರಡೂ ಬೇಕು.

ಕ್ಯಾಮೆರಾಗಳ ವಿಷಯವನ್ನೇ ತಗೊಳ್ಳಿ. 2016ರ ಅಕ್ಟೋಬರ್ 21ರಂದು ಡಿನ್ ಅನ್ನೋ ಡಿಎನ್‌ಎಸ್ ಕಂಪನಿಯ ಮೇಲೆ ದಾಳಿಯಾಗಿ ಟ್ವಿಟ್ಟರ್ ಮೊದಲಾದ ದೊಡ್ಡ ದೊಡ್ಡ ತಾಣಗಳು ಅನೇಕರಿಗೆ ಸಿಗದೇ ಹೋದವು. ದಾಳಿ ಮಾಡಿದ ಮಿರಾಯ್ ಅನ್ನೋ ಸೈನ್ಯದಲ್ಲಿದ್ದದ್ದು ಕಾರ್ಖಾನೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾಗಳು, ಡಿವಿಆರ್‌ಗಳು, ರೌಟರುಗಳು. ಅಂಥದೇ ಕ್ಯಾಮೆರಾ ನಿಮ್ಮ ಆಫೀಸಿನ ಬಾಗಿಲ ಮೇಲೂ ಇರಬಹುದು. ಅದು ಲೆಕ್ಕಪತ್ರದ ಕಂಪ್ಯೂಟರಿನ ಜೊತೆ ಒಂದೇ ಅಂಗಳದಲ್ಲಿ ಯಾಕಿರಬೇಕು? ಅದಕ್ಕೆ ಡಿವಿಆರ್ ಒಂದು ಬಿಟ್ಟು ಬೇರೆ ಯಾರ ಜೊತೆ ಏನು ಮಾತು?

ಇನ್ನು ಎಲ್ಲವನ್ನೂ ಒಂದನೇ ವಿಲ್ಯಾನಿನಲ್ಲಿ ಬಿಡೋ ಸೋಮಾರಿತನ. ಪೆಟ್ಟಿಗೆಯಿಂದ ತೆಗೆದ ಸ್ವಿಚ್ಚಿನಲ್ಲಿ ಎಲ್ಲ ಪೋರ್ಟೂ ಒಂದನೇ ವಿಲ್ಯಾನಿನಲ್ಲೇ ಇರುತ್ತೆ. ಟ್ರಂಕಿನಲ್ಲಿ ಚೀಟಿ ಇಲ್ಲದೆ ಓಡಾಡೋ ನೇಟಿವ್ ವಿಲ್ಯಾನ್ ಕೂಡ ಅದೇ. ಅಲ್ಲೇ ಒಂದು ಹಳೇ ಚಮತ್ಕಾರ ಇದೆ. ಒಂದನೇ ವಿಲ್ಯಾನಿನಲ್ಲಿ ಕೂತವನು ಒಂದು ಗಂಟಿಗೆ ಎರಡು ಚೀಟಿ ಅಂಟಿಸಿ ಕಳಿಸ್ತಾನೆ: ಹೊರಗೆ 1, ಒಳಗೆ 30. ಮೊದಲ ಸ್ವಿಚ್ಚು "ಒಂದು ತಾನೇ, ಚೀಟಿ ಬೇಡ" ಅಂತ ಹೊರಗಿನದನ್ನ ಕಿತ್ತು ಟ್ರಂಕಿಗೆ ಬಿಡುತ್ತೆ. ಎರಡನೇ ಸ್ವಿಚ್ಚಿಗೆ ಕಾಣೋದು 30. ಗಂಟು ಸೀದಾ ಮೂವತ್ತರ ಅಂಗಳಕ್ಕೆ! ಉತ್ತರ ವಾಪಸ್ಸು ಬರೋದಿಲ್ಲ, ನಿಜ. ಕೆಡಿಸೋಕೆ ಹೊರಟವನಿಗೆ ಉತ್ತರ ಯಾಕೆ ಬೇಕು? ಯಾರೂ ಬಳಸದ ಒಂದು ಸಂಖ್ಯೆಯನ್ನ ನೇಟಿವ್ ಮಾಡಿದರೆ ಈ ಆಟ ಮುಗೀತು. ಒಂದು ಸಾಲಿನ ಕೆಲಸ. ಮಾಡೋರು ಎಷ್ಟು ಜನ?

"ಬರೀ ಬೈತೀರಲ್ಲ, ಹೇಗೆ ಮಾಡಬೇಕು ಹೇಳಿ" ಅನ್ನೋರಿಗೆ. ನಲವತ್ತು ಕಂಪ್ಯೂಟರು, ಹತ್ತು ಕ್ಯಾಮೆರಾ, ಒಂದು ವೈಫೈ ಇರೋ ಆಫೀಸು ಅಂದುಕೊಳ್ಳಿ. ಮೊದಲು ಕಾಗದದ ಮೇಲೆ ಬರೀರಿ: 10 ಲೆಕ್ಕಪತ್ರ, 20 ಸಿಬ್ಬಂದಿ, 30 ಕ್ಯಾಮೆರಾ, 40 ಅತಿಥಿ, 99 ಸ್ವಿಚ್ಚುಗಳ ನಿರ್ವಹಣೆ. ಪ್ರತಿಯೊಂದಕ್ಕೂ ಬೇರೆ ಸಬ್‌ನೆಟ್, 192.168.10.0, 192.168.20.0 ಅಂತ ಸಂಖ್ಯೆ ಹೊಂದುವ ಹಾಗೆ. ಹೆಸರು ಕೊಡಿ, ಬರೀ ಸಂಖ್ಯೆ ಬಿಟ್ಟರೆ ಎರಡು ವರ್ಷದ ಮೇಲೆ ಬರುವವನಿಗೆ ಅದು ಜಾತಕದ ಕುಂಡಲಿ. ಕಂಪ್ಯೂಟರ್ ಚುಚ್ಚೋ ಪೋರ್ಟುಗಳನ್ನ ಕಡ್ಡಾಯವಾಗಿ ಆಕ್ಸೆಸ್ ಅಂತಲೇ ಮಾಡಿ. ಸಿಸ್ಕೋ ಸ್ವಿಚ್ಚುಗಳು ಡಿಟಿಪಿ ಅನ್ನೋ ಮಾತುಕತೆ ನಡೆಸಿ ತಾವೇ ಟ್ರಂಕ್ ಆಗಿಬಿಡೋ ಅಭ್ಯಾಸದವು. ಎದುರಿಗೆ ಇರೋದು ಸ್ವಿಚ್ಚೋ ಸ್ವಿಚ್ಚಿನ ವೇಷ ಹಾಕಿದ ಲ್ಯಾಪ್‌ಟಾಪೋ ಅದಕ್ಕೇನು ಗೊತ್ತು? ಟ್ರಂಕಿನಲ್ಲಿ ಬೇಕಾದ ವಿಲ್ಯಾನುಗಳನ್ನ ಮಾತ್ರ ಬಿಡಿ. ಖಾಲಿ ಪೋರ್ಟುಗಳನ್ನ ಮುಚ್ಚಿಡಿ. ಕೂಗು ಗೋಡೆ ದಾಟದ ಕಾರಣ ಡಿಎಚ್‌ಸಿಪಿ ಬೇರೆ ಕಡೆ ಇದ್ದರೆ ರಿಲೇ ಕೊಡಿ. ಕೊನೆಗೆ ಅತಿಥಿಗಳಿಗೆ ಇಂಟರ್‌ನೆಟ್ ಮಾತ್ರ, ಕ್ಯಾಮೆರಾಗಳಿಗೆ ಡಿವಿಆರ್ ಮಾತ್ರ ಅಂತ ಆಕ್ಸೆಸ್ ಲಿಸ್ಟ್ ಬರೀರಿ. ಇದನ್ನ ಮಾಡಿ, ಅತಿಥಿ ವೈಫೈಗೆ ನಿಮ್ಮದೇ ಫೋನ್ ಹಾಕಿ ಲೆಕ್ಕಪತ್ರದ ಸರ್ವರ್ ಸಿಗುತ್ತಾ ಅಂತ ನೋಡಿ. ಸಿಗಬಾರದು. ಸಿಕ್ಕಿದರೆ ಕೆಲಸ ಮುಗಿದಿಲ್ಲ.

"ದುಡ್ಡು ಎಲ್ಲಿದೆ ಸಾರ್?" ವಿಲ್ಯಾನ್ ಮಾಡಬಲ್ಲ 8 ಪೋರ್ಟಿನ ಸಣ್ಣ ಸ್ವಿಚ್ಚು ಇವತ್ತು ಒಂದು ಸಾಧಾರಣ ಮೊಬೈಲಿಗಿಂತ ಅಗ್ಗ. ದೊಡ್ಡ ಕಡೆ ಆ ಶಕ್ತಿಯ ಸ್ವಿಚ್ಚು ಆಗಲೇ ಬಂದು ಕೂತಿರುತ್ತೆ, ಒಳಗೆ ಹೊಕ್ಕು ನೋಡಿದವರು ಇಲ್ಲ ಅಷ್ಟೇ.

ಮೂರನೇ ಪಂಗಡ: ರೀಸ್ಟಾರ್ಟ್ ಪಂಡಿತರು. ಏನಾದರೂ ಕೆಟ್ಟರೆ ಸ್ವಿಚ್ಚಿನ ವೈರ್ ಕಿತ್ತು ಮತ್ತೆ ಚುಚ್ಚೋರು. ನಾನು ಹತ್ತಿರದಿಂದ ನೋಡಿದ ಒಂದು ಕಡೆ (ಹೆಸರು ಬೇಡ) ನಡೆದದ್ದು ಕೇಳಿ. ಗುತ್ತಿಗೆಯವರು ಅತಿಥಿ ವೈಫೈಗೆ ಅಂತ 40ನೇ ವಿಲ್ಯಾನನ್ನ ಟ್ರಂಕಿಗೆ ಸೇರಿಸೋಕೆ ಬಂದರು. "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 40" ಅಂತ ಹೊಡೆದರು. ನಡುವೆ "ಆಡ್" ಅನ್ನೋ ಪದ ಬಿಟ್ಟುಹೋಯಿತು. ಆ ಪದ ಇದ್ದರೆ ಪಟ್ಟಿಗೆ 40 ಸೇರುತ್ತೆ. ಇಲ್ಲದಿದ್ದರೆ ಹಳೇ ಪಟ್ಟಿ ಹೋಗಿ 40 ಒಂದೇ ಉಳಿಯುತ್ತೆ. ಮೇಲಿನ ಮಹಡಿ ಪೂರ್ತಿ ಕತ್ತಲು. ಗಾಬರಿಯಲ್ಲಿ ಯಾರೋ ಸ್ವಿಚ್ಚಿನ ಪವರ್ ಕಿತ್ತು ಹಾಕಿದರು. ಬದಲಾವಣೆ ಸೇವ್ ಆಗಿರಲಿಲ್ಲ, ಹಳೇ ಪಟ್ಟಿ ವಾಪಸ್ಸು ಬಂತು, ಎಲ್ಲ ಸರಿಹೋಯಿತು. ತೀರ್ಮಾನ? "ಸ್ವಿಚ್ಚು ಹಳೇದು ಸಾರ್, ಹ್ಯಾಂಗ್ ಆಗ್ತಿದೆ." ಹೊಸ ಸ್ವಿಚ್ಚು ಬಂತು. ಹೊಸ ಸ್ವಿಚ್ಚಿನಲ್ಲಿ ಅದೇ ಕಮ್ಯಾಂಡು ಹೊಡೆದರು. ಮೇಲಿನ ಮಹಡಿ ಮತ್ತೆ ಕತ್ತಲು...

ನಗು ಬರುತ್ತೆ. ಆದರೆ ದುಡ್ಡು ಕೊಟ್ಟವರು ನಗಲಿಲ್ಲ. ರೀಸ್ಟಾರ್ಟ್ ಮಾಡಿದಾಗ ಏನು ಹೋಗುತ್ತೆ ಯೋಚಿಸಿ. ಸ್ವಿಚ್ಚು ಕಲಿತಿದ್ದ ಮ್ಯಾಕ್ ಪಟ್ಟಿ ಹೋಯಿತು, ಮೆಮೊರಿಯಲ್ಲಿದ್ದ ಲಾಗ್ ಹೋಯಿತು, ಸೇವ್ ಮಾಡದ ಬದಲಾವಣೆ ಹೋಯಿತು. ಅಪಘಾತದ ಜಾಗಕ್ಕೆ ಪೊಲೀಸರು ಬರೋ ಮುಂಚೆ ರಸ್ತೆ ತೊಳೆದ ಹಾಗೆ.

ಹುಡುಕೋಕೆ ಒಂದು ಕ್ರಮ ಇದೆ, ಕೆಳಗಿನಿಂದ ಮೇಲಕ್ಕೆ. ಲಿಂಕ್ ದೀಪ ಹತ್ತಿದೆಯಾ? ಪೋರ್ಟು ಯಾವ ವಿಲ್ಯಾನಿನಲ್ಲಿದೆ? ಆ ವಿಲ್ಯಾನ್ ಆ ಸ್ವಿಚ್ಚಿನಲ್ಲಿ ಇದೆಯಾ? ಸಿಸ್ಕೋದಲ್ಲಿ ವಿಲ್ಯಾನ್ ಅಳಿಸಿದರೆ ಅದರ ಪೋರ್ಟುಗಳು ಒಂದನೇ ವಿಲ್ಯಾನಿಗೆ ತಾವಾಗೇ ಹೋಗೋದಿಲ್ಲ, ಸುಮ್ಮನೆ ಸತ್ತು ಬೀಳ್ತವೆ, "ಶೋ ವಿಲ್ಯಾನ್ ಬ್ರೀಫ್" ಪಟ್ಟಿಯಲ್ಲೂ ಕಾಣೋದಿಲ್ಲ. ಆಮೇಲೆ ಟ್ರಂಕು: "ಶೋ ಇಂಟರ್‌ಫೇಸಸ್ ಟ್ರಂಕ್" ಹೊಡೆದು ದಾರಿಯ ಪ್ರತಿ ಸ್ವಿಚ್ಚಿನಲ್ಲೂ, ಎರಡೂ ತುದಿಯಲ್ಲೂ ಆ ಸಂಖ್ಯೆಗೆ ಅನುಮತಿ ಇದೆಯಾ ನೋಡಿ. ಎರಡೂ ತುದಿ "ಡೈನಾಮಿಕ್ ಆಟೋ" ಇದ್ದರೆ ಟ್ರಂಕ್ ಆಗೋದೇ ಇಲ್ಲ. ನೀ ಮೊದಲು ಮಾತಾಡು, ನೀ ಮೊದಲು ಮಾತಾಡು ಅಂತ ಕೂತಿರ್ತವೆ, ಹೆಣ್ಣು ನೋಡೋಕೆ ಬಂದ ಗಂಡಿನ ಹಾಗೆ :) ನೇಟಿವ್ ಎರಡೂ ಕಡೆ ಒಂದೇನಾ? ಇಲ್ಲದಿದ್ದರೆ ಚೀಟಿ ಇಲ್ಲದ ಗಂಟು ಇಲ್ಲಿ ಒಬ್ಬರ ಮನೆಯದು, ಅಲ್ಲಿ ಇನ್ನೊಬ್ಬರ ಮನೆಯದು. ಸ್ಪ್ಯಾನಿಂಗ್ ಟ್ರೀ ಆ ಪೋರ್ಟನ್ನ ತಡೆದಿದೆಯಾ? ಮ್ಯಾಕ್ ಪಟ್ಟಿಯಲ್ಲಿ ಆ ಯಂತ್ರ ಯಾವ ಪೋರ್ಟಿನಲ್ಲಿ ಕಾಣ್ತಿದೆ?

ಇಷ್ಟೂ ಸರಿಯಿದ್ದರೆ ಮಾತ್ರ ಗೇಟ್‌ವೇ, ಡಿಎಚ್‌ಸಿಪಿ, ಆಕ್ಸೆಸ್ ಲಿಸ್ಟಿನ ಕಡೆ ಹೋಗಿ. ವಿಂಡೋಸ್ ಯಂತ್ರ 169.254ರಿಂದ ಶುರುವಾಗೋ ಐಪಿ ತೋರಿಸ್ತಿದ್ದರೆ ಅದರ ಕೂಗು ಡಿಎಚ್‌ಸಿಪಿಗೆ ಮುಟ್ಟಿಲ್ಲ, ಅಥವಾ ಉತ್ತರ ವಾಪಸ್ಸು ಬಂದಿಲ್ಲ. ಪಕ್ಕದ ಯಂತ್ರಕ್ಕೆ ಪಿಂಗ್ ಹೋಗಿ ಬೇರೆ ವಿಲ್ಯಾನಿಗೆ ಹೋಗದಿದ್ದರೆ ಗೋಡೆ ಸರಿಯಿದೆ, ಬಾಗಿಲ ಹತ್ತಿರ ನೋಡಿ. ಪ್ರತಿ ಹೆಜ್ಜೆಗೂ ಒಂದು ಕಮ್ಯಾಂಡು, ಒಂದು ಉತ್ತರ. ಗಾಬರಿ ಇಲ್ಲದವನಿಗೆ ಇಷ್ಟು ನೋಡೋಕೆ ತುಂಬಾ ಹೊತ್ತು ಬೇಡ.

ಎದುರಾಳಿಗಳ ಪಾಲಿನ ನ್ಯಾಯವನ್ನೂ ಹೇಳಿಬಿಡ್ತೀನಿ. ಮನೆಯಲ್ಲಿ ಎರಡು ಕಂಪ್ಯೂಟರು, ಒಂದು ಪ್ರಿಂಟರು ಇರೋರಿಗೆ ಇದೆಲ್ಲ ಬೇಡ. ಇಪ್ಪತ್ತು ಜನರಿಗೆ ಹದಿನೆಂಟು ವಿಲ್ಯಾನ್ ಮಾಡಿ ಮೆರೆಯೋದೂ ರೋಗವೇ. "ವಿಲ್ಯಾನ್ ಹಳೇದಾಯ್ತು, ಈಗ ವಿಎಕ್ಸ್‌ಲ್ಯಾನ್" ಅನ್ನೋರೂ ಇದ್ದಾರೆ. ಅದರ ಸಂಖ್ಯೆ 24 ಬಿಟ್, ಒಂದು ಕೋಟಿ ಅರವತ್ತು ಲಕ್ಷಕ್ಕೂ ಮೇಲೆ. 4094 ಸಾಲದ ಡೇಟಾ ಸೆಂಟರುಗಳಿಗೆ ಅದು ಬೇಕು, ಸರಿ. ನಾಲ್ಕು ವಿಲ್ಯಾನನ್ನೇ ನೆಟ್ಟಗೆ ಮಾಡದ ತಾಲೂಕು ಆಸ್ಪತ್ರೆಗೆ ಅದರ ಮಾತು ಯಾಕೆ ಬಿಡಿ. "ಮುಟ್ಟಿದರೆ ಕೆಡುತ್ತೆ" ಅನ್ನೋ ಭಯದಲ್ಲೂ ನಿಜ ಇದೆ. ಹಳೇ ಸ್ವಿಚ್ಚೊಂದನ್ನ ಗೋಡೌನಿಂದ ತಂದು ಚುಚ್ಚಿ, ವಿಟಿಪಿಯ ಹಳೇ ಆವೃತ್ತಿಯಲ್ಲಿ ಅದರ ರಿವಿಷನ್ ಸಂಖ್ಯೆ ದೊಡ್ಡದಿದ್ದ ಒಂದೇ ಕಾರಣಕ್ಕೆ ಇಡೀ ಆಫೀಸಿನ ವಿಲ್ಯಾನ್ ಪಟ್ಟಿ ಅಳಿಸಿಹೋಗುವ ಅಪಾಯ ನಿಜವಾದದ್ದೇ. ಅದಕ್ಕೆ ಮದ್ದು: ಮುಟ್ಟೋ ಮುಂಚೆ ಕಾನ್ಫಿಗರೇಷನ್ನಿನ ಪ್ರತಿ ತೆಗೆದಿಡಿ, ಕೆಲಸದ ಹೊತ್ತು ಮುಗಿದ ಮೇಲೆ ಮುಟ್ಟಿ, ಏನು ಮಾಡಿದಿರಿ ಅಂತ ಬರೆದಿಡಿ. ಭಯಕ್ಕೆ ಕಾರಣ ತಿಳುವಳಿಕೆ ಇಲ್ಲದಿರೋದು. ಮುಟ್ಟದೇ ಇದ್ದರೆ ಅದು ಬರೋದೂ ಇಲ್ಲ.

ಟೆಕ್ನಿಕಲ್ ಅಲ್ಲದ ಗೆಳೆಯರಿಗೆ ಒಂದು ಕೆಲಸ. ನಾಳೆ ನಿಮ್ಮ ಆಫೀಸಿನಲ್ಲೋ, ಮಗುವಿನ ಶಾಲೆಯಲ್ಲೋ, ಪರಿಚಯದ ನರ್ಸಿಂಗ್ ಹೋಮಿನಲ್ಲೋ ಮೂರು ಪ್ರಶ್ನೆ ಕೇಳಿ. ಕ್ಯಾಮೆರಾಗಳು ಮತ್ತು ಲೆಕ್ಕಪತ್ರದ ಕಂಪ್ಯೂಟರು ಬೇರೆ ಬೇರೆ ನೆಟ್‌ವರ್ಕಿನಲ್ಲಿವೆಯಾ? ಅತಿಥಿ ವೈಫೈಯಿಂದ ಒಳಗಿನ ಸರ್ವರ್ ಸಿಗುತ್ತಾ? ಸ್ವಿಚ್ಚುಗಳ ಕಾನ್ಫಿಗರೇಷನ್ ಪ್ರತಿ ಯಾರ ಹತ್ತಿರ ಇದೆ? ಉತ್ತರ ಬಂದರೆ ನೆಮ್ಮದಿ. "ನಡೀತಾ ಇದೆಯಲ್ಲ" ಅಂತ ಬಂದರೆ, "ಯಾವತ್ತಿನವರೆಗೆ?" ಅಂತ ನಾಲ್ಕನೇ ಪ್ರಶ್ನೆ ನೀವೇ ಕೇಳಿ.

ನೆಟ್‌ವರ್ಕಿನವರೇ ಆಗಿದ್ದು ಇದನ್ನ ಓದಿ ಸಿಟ್ಟು ಬಂದಿದ್ದರೆ ಕೆಳಗೆ ಧಾರಾಳವಾಗಿ ಬೈಯಿರಿ. ಒಂದೇ ಷರತ್ತು: ಮೊದಲು ಹೋಗಿ ನಿಮ್ಮ ಟ್ರಂಕಿನ ನೇಟಿವ್ ವಿಲ್ಯಾನ್ ಯಾವುದು ಅಂತ ನೋಡಿಕೊಂಡು ಬನ್ನಿ.